ಯಾಸೆನಾದ ಚಿಕ್ಕ ಮೇಣದಬತ್ತಿ

ಚಾಚಕ್, ಸರ್ಬಿಯಾ
4 ಮಾರ್ಚ್ 2012

ಪ್ರೀತಿಯ ವಿದಾ,

ನಾನು ರೋಸಾಂದಾ, ನಿನ್ನ ದೊಡ್ಡಪ್ಪ ಒಬ್ರಾದನ ಮಗಳು. ಕಳೆದ ವರ್ಷ ನಿನ್ನ ಅಪ್ಪ ಮಿಲೋಯೆ ತೀರಿಕೊಂಡಾಗ ಎರಡು ಸಾಲು ಬರೆದಿದ್ದೆ, ನೆನಪಿರಬಹುದು. ಅದಕ್ಕೂ ಮೊದಲು ನಾವು ಮಾತನಾಡಿದ್ದು ನೀನು ಮುಂದಿನ ಹಲ್ಲು ಬಿದ್ದ ಹುಡುಗಿಯಾಗಿ ಯಾಸೆನಾ ಹಳ್ಳಿಯ ಅಜ್ಜಿಮನೆಗೆ ಬಂದಿದ್ದಾಗ.

ಮೊನ್ನೆ ಔಷಧಿ ಅಂಗಡಿಯಲ್ಲಿ ಒಬ್ಬಳು ನನ್ನ ಕೈ ಹಿಡಿದುಕೊಂಡು, "ವಿಲೋತಿಚ್ ಮನೆತನದ ಬಗ್ಗೆ ಎಷ್ಟು ಚೆನ್ನಾಗಿ ಬರೀತಾರೆ ರೀ, ಓದ್ತಾ ಓದ್ತಾ ಅತ್ತೇಬಿಟ್ಟೆ" ಎಂದಳು. ನಾನು ನಾಚಿಕೊಂಡು, ಏನೋ ಗೀಚ್ತಾ ಇರ್ತೀನಿ ಬಿಡಿ ಎಂದೆ. "ಅಯ್ಯೋ ನಿಮ್ದಲ್ಲ, ಆಸ್ಟ್ರಿಯಾದಲ್ಲಿದ್ದಾರಲ್ಲ, ಅವರದ್ದು" ಎಂದಳು. ನಿನಗೂ ಒಂದು ಬ್ಲಾಗ್ ಇದೆಯೆಂದು ನನಗೆ ಗೊತ್ತಾದದ್ದು ಹೀಗೆ. ಕೆಮ್ಮಿನ ಔಷಧಿ ತರಲು ಹೋದವಳು ಅದನ್ನೂ ಮರೆತು ಮನೆಗೆ ಬಂದೆ.

ನಾನು 'ವಿಲೋತಿಚ್ ವಂಶವೃಕ್ಷ' ಬರೆಯಲು ಶುರು ಮಾಡಿ ಐದು ವರ್ಷವಾಯಿತು. ಮೂಲಪುರುಷ ವಿಲೋತನಿಂದ ಹಿಡಿದು ನಮ್ಮವರೆಗೆ ಒಂದು ಕೊಂಡಿಯೂ ತಪ್ಪದಂತೆ ಕೂಡಿಸಿದ್ದೇನೆ. ಚರ್ಚುಗಳ ಹಳೇ ದಾಖಲೆ ಓದಿ ಓದಿ ಕನ್ನಡಕದ ನಂಬರು ಏರಿದೆ. ಓದುಗರು ಕಡಿಮೆ, ನಿಜ. ಕಾಮೆಂಟು ಹಾಕುವವನು ನನ್ನ ಗಂಡ ರಾದೋವಾನ್ ಒಬ್ಬನೇ. ಅವನಿಗೂ ನಾನೇ ನೆನಪಿಸಬೇಕು.

ನೀನು 'ಅಜ್ಜನ ಮರಸೇಬಿನ ನೆರಳು' ಎಂದು ಹೆಸರಿಟ್ಟು ನಿನ್ನ ಬ್ಲಾಗ್ ಶುರು ಮಾಡಿ ಎರಡು ತಿಂಗಳಾಗಿದೆ. ಮೊದಲ ಪುಟದಲ್ಲೇ ಅಜ್ಜಿ ವಿದೋಸಾವಾ ಜರಡಿ ಹಿಡಿದು ಕಣಜದ ಮುಂದೆ ನಿಂತ ಫೋಟೋ. ಅದು ನನ್ನ ಬ್ಲಾಗಿನಿಂದ ತೆಗೆದದ್ದು. ಬಲಮೂಲೆಯಲ್ಲಿ ಕಾಣುವ ಕಪ್ಪು ಕಲೆ, ಪ್ರತಿ ತೆಗೆಯುವಾಗ ಅಡ್ಡ ಬಂದ ನನ್ನ ಹೆಬ್ಬೆರಳು. ದಯವಿಟ್ಟು ಅದರ ಕೆಳಗೆ 'ಮೂಲ: ರೋಸಾಂದಾ, ಚಾಚಕ್' ಎಂದು ಬರೆ. ಇನ್ನೊಬ್ಬರಿಂದ ಪಡೆದದ್ದಕ್ಕೆ ಮೂಲ ಹೇಳದಿದ್ದರೆ ವಂಶಾವಳಿ ಕೆಲಸಕ್ಕೆ ಮರ್ಯಾದೆ ಇರುವುದಿಲ್ಲ.

ಉಳಿದಂತೆ ಎಲ್ಲ ಕ್ಷೇಮ.

ರೋಸಾಂದಾ


ಲಿಂಜ್, ಆಸ್ಟ್ರಿಯಾ
6 ಮಾರ್ಚ್ 2012

ರೋಸಾ ಅಕ್ಕಾ,

ಇಮೇಲಿನಲ್ಲಿ ನಿನ್ನ ಪತ್ರ ನೋಡಿ ಕುಣಿದಾಡುವಷ್ಟು ಸಂತೋಷವಾಯಿತು! ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನ ಹಿಂದೆ ಕೂತೇ ಓದಿದೆ. ಫೋಟೋದ ಕೆಳಗೆ ನಿನ್ನ ಹೆಸರು ಹಾಕಿದ್ದೇನೆ. ಆ ಕಲೆ ನಿನ್ನ ಬೆರಳೆಂದು ಗೊತ್ತಾದ ಮೇಲೆ ಫೋಟೋ ಇನ್ನೂ ಇಷ್ಟವಾಯಿತು.

ನಿನ್ನ ಬ್ಲಾಗನ್ನು ನಾನು ಮೊದಲ ದಿನದಿಂದ ಓದುತ್ತಿದ್ದೇನೆ. ಕಾಮೆಂಟು ಹಾಕಲು ಧೈರ್ಯ ಬರಲಿಲ್ಲ. ನನ್ನ ಸರ್ಬಿಯನ್ ಭಾಷೆ ಅಡುಗೆಮನೆಯದು, ನಿನ್ನದು ಪುಸ್ತಕದ್ದು. ಅಪ್ಪ ಹೋದ ಮೇಲೆ ಆ ಅಡುಗೆಮನೆ ಭಾಷೆಯಲ್ಲೂ ಮಾತನಾಡಲು ಮನೆಯಲ್ಲಿ ಯಾರೂ ಇಲ್ಲ. ಗಂಡನಿಂದ ಬೇರೆಯಾಗಿ, ಅವನ ಹೆಸರು ಬಿಟ್ಟು ಮತ್ತೆ ವಿಲೋತಿಚ್ ಆಗಿದ್ದೇನೆ. ಬ್ಲಾಗ್ ಬರೆಯುವುದು ಅದಕ್ಕೇ, ಯಾರೊಡನೆಯಾದರೂ ಮಾತನಾಡಲು. ಕೆನಡಾದ ಒಬ್ಬ ಮುದುಕರು ಅಜ್ಜಿಯ ಬೀನ್ಸ್ ಬಗ್ಗೆ ಓದಿ ಒಂದು ಪುಟ ಬರೆದರು. ಅವರಿಗೂ ನಮಗೂ ಏನೂ ಸಂಬಂಧವಿಲ್ಲ!

ಅಕ್ಕಾ, ನನಗೆ ಅಜ್ಜಿಯ ಹೆಸರಿಟ್ಟಿದ್ದಾರೆ, ಆದರೆ ನಾನು ಅವರನ್ನು ನೋಡಿದ್ದು ನಾಲ್ಕೇ ಸಲ. ನೀನು ಅವರ ಪಕ್ಕದಲ್ಲೇ ಮಲಗಿ ಬೆಳೆದವಳು. ಅವರು ನಗುತ್ತಿದ್ದರೇ? ಬೈಯುತ್ತಿದ್ದರೇ? ಏನು ನೆನಪಿದ್ದರೂ ಬರೆ.

ನಿನ್ನ ವಿದಾ


ಚಾಚಕ್, 20 ಮೇ 2012

ಪ್ರೀತಿಯ ವಿದಾ,

ತಡವಾಯಿತು, ಕೆಲಸವಿತ್ತು. ಅಜ್ಜಿ ಬೈಯುತ್ತಿದ್ದರು, ಎಲ್ಲ ಅಜ್ಜಿಯರಂತೆ.

ಒಂದೆರಡು ತಿದ್ದುಪಡಿ. ಅಜ್ಜ ಅಜ್ಜಿಯನ್ನು ಮದುವೆಗೆ ಕೇಳಿದ್ದು ಮರಸೇಬಿನ ಮರದ ಕೆಳಗೆ ಎಂದು ಬರೆದಿದ್ದೀಯ. ಆ ಮರ ನೆಟ್ಟದ್ದು ನಾನು ಶಾಲೆಗೆ ಸೇರಿದ ವರ್ಷ, ಗುಂಡಿಗೆ ನೀರು ಹೊತ್ತವಳು ನಾನೇ. ಅಜ್ಜ ಅಜ್ಜಿಯನ್ನು ಕೇಳಿಯೇ ಇರಲಿಲ್ಲ. ಇಬ್ಬರ ಅಪ್ಪಂದಿರು ಸಂತೆಯಲ್ಲಿ ರಾಕಿಯಾ ಕುಡಿದು ಮಾತು ಮುಗಿಸಿದ್ದರು. ನಿನ್ನ ಆ ಲೇಖನಕ್ಕೆ ನಲವತ್ತು ಜನ ಕಣ್ಣೀರು ಹಾಕಿದ್ದಾರೆ. ಇಲ್ಲದ ಮರದ ಕೆಳಗೆ!

ಕಳೆದ ಭಾನುವಾರ ಯಾಸೆನಾಕ್ಕೆ ಹೋಗಿದ್ದೆ. ನನಗೆ ಚಿಕ್ಕಪ್ಪ, ನಿನಗೆ ದೊಡ್ಡಪ್ಪ, ಸ್ರೆತೆನ್ ಈಗ ಎಂಬತ್ತಮೂರರ ಒಂಟಿ ಗಂಡಸು. ಆ ಮನೆಯಲ್ಲಿ ಈಗ ಅವನೊಬ್ಬನೇ. ತಿಂಗಳಿಗೊಮ್ಮೆ ಹೋಗಿ ಕಿಟಕಿ ಒರೆಸಿ, ಪರದೆ ಒಗೆದು ಬರುವವಳು ನಾನು. ಹೋದರೆ ಪಕ್ಕದ ಮನೆಯ ಲೆಪಾ ಟ್ಯಾಬ್ಲೆಟ್ ಹಿಡಿದುಕೊಂಡು ಅವನಿಗೆ ಓದಿ ಹೇಳುತ್ತಿದ್ದಾಳೆ. ನಿನ್ನದನ್ನು.

"ನನ್ನದನ್ನೂ ಓದಿ ಹೇಳು ಲೆಪಾ" ಎಂದೆ, ತಮಾಷೆಗೆ.

"ಬೇಡಮ್ಮಾ ಬೇಡ" ಎಂದ ಚಿಕ್ಕಪ್ಪ. "ನಿಂದು ಓದಿದ್ರೆ ಆಸ್ಪತ್ರೆ ಚೀಟಿ ಓದ್ದಂಗಾಗುತ್ತೆ ಕಣೆ. ಹುಟ್ಟಿದ, ಮದುವೆಯಾದ, ಸತ್ತ. ನಡುವೆ ಏನೂ ಮಾಡ್ಲೇ ಇಲ್ವಾ ಆ ಮನುಷ್ಯ?"

"ಸಾಕ್ಷಿ ಇಲ್ಲದ್ದನ್ನ ನಾನು ಬರೆಯಲ್ಲ ಚಿಕ್ಕಪ್ಪ."

"ನಮ್ಮಮ್ಮನ ಬೀನ್ಸಿಗೆ ನಾನೇ ಸಾಕ್ಷಿ. ಆ ಹುಡುಗಿ ಬರೆದಿದ್ದು ಕೇಳಿ ಬಾಯಲ್ಲಿ ನೀರೂರ್ತು."

ಲೆಪಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಕಿಟಕಿ ಒರೆಸಿದೆ. ಎಷ್ಟು ಜೋರಾಗಿ ಒರೆಸಿದೆನೆಂದರೆ ಚೌಕಟ್ಟಿನ ಬಣ್ಣ ಕಿತ್ತು ಬಂತು.

ನನಗೆ ಹೊಟ್ಟೆಕಿಚ್ಚು ಎಂದು ತಿಳಿಯಬೇಡ. ಈ ವಯಸ್ಸಿನಲ್ಲಿ ಅದೆಲ್ಲ ಯಾತಕ್ಕೆ? ಮರದ ವಿಷಯ ಮಾತ್ರ ತಿದ್ದಿಬಿಡು.

ರೋಸಾಂದಾ


ಲಿಂಜ್, 2 ಜೂನ್ 2012

ರೋಸಾ ಅಕ್ಕಾ,

ಮರದ ವಿಷಯ ತಿದ್ದಿದ್ದೇನೆ. ಅಪ್ಪ ಹೇಳಿದ್ದನ್ನು ನಾನು ಬರೆದೆ. ಅಪ್ಪ ಯಾಕೆ ಹಾಗೆ ಹೇಳಿದರೋ ಗೊತ್ತಿಲ್ಲ. ಮನೆಯಿಂದ ಬಹಳ ದೂರವಿದ್ದಾಗ ಮರಗಳು ಬೇಗ ಬೆಳೆಯುತ್ತವೇನೋ.

ನಿನಗೆ ಹೊಟ್ಟೆಕಿಚ್ಚು ಎಂದು ನಾನು ಅಂದುಕೊಳ್ಳಲಿಲ್ಲ. ನೀನೇ ಆ ಮಾತು ತೆಗೆದದ್ದರಿಂದ ನನ್ನದನ್ನು ಹೇಳಿಬಿಡುತ್ತೇನೆ, ನನಗಿದೆ. ಡಿಸೆಂಬರ್ ಒಂಬತ್ತು, ನಮ್ಮ ಮನೆಸಂತ ಅಲಿಂಪಿಯೆಯ ದಿನ, ನೀವೆಲ್ಲ ಯಾಸೆನಾದಲ್ಲಿ ಸೇರುತ್ತೀರಿ. ನಿನ್ನ ಬ್ಲಾಗಿನಲ್ಲಿ ಪ್ರತಿ ವರ್ಷ ಫೋಟೋ ಹಾಕುತ್ತೀಯ. ದೊಡ್ಡಪ್ಪ, ಪಾದ್ರಿ, ಹಬ್ಬದ ರೊಟ್ಟಿ, ಸಿಹಿ ಗೋಧಿ, ಉದ್ದನೆಯ ಮೇಣದಬತ್ತಿ, ಬಾಗಿಲವರೆಗೂ ಜನ. ಚಿಕ್ಕವಳಿದ್ದಾಗ ನಾವೂ ಹೋಗೋಣ ಎಂದು ಅಪ್ಪನನ್ನು ಪೀಡಿಸುತ್ತಿದ್ದೆ. ಕಾರ್ಖಾನೆಯಲ್ಲಿ ರಜೆ ಕೊಡಲ್ಲ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಕಾಲು ನೋವು ಎಂದರು. ನನಗೆ ಕಾರಣ ಗೊತ್ತಿತ್ತು ಅಕ್ಕಾ. ನೀವು ಯಾರೂ ಒಂದು ಸಲವೂ ನಮ್ಮನ್ನು ಕರೆಯಲಿಲ್ಲ.

ಕಳೆದ ವರ್ಷ ಅಪ್ಪ ಹೋದ ಮೇಲಾದರೂ ಕರೆಯುತ್ತೀರೆಂದು ಕಾದೆ. ನಿನ್ನ ಫೋಟೋಗಳಲ್ಲಿ ಮೇಜಿನ ಕೊನೆಯಲ್ಲಿ ಒಂದು ಕುರ್ಚಿ ಖಾಲಿ ಇತ್ತು.

ವಿದಾ


ಚಾಚಕ್, 15 ಸೆಪ್ಟೆಂಬರ್ 2012

ವಿದಾ,

ನಿನ್ನ ಜೂನ್ ಪತ್ರಕ್ಕೆ ಏನು ಉತ್ತರ ಬರೆಯಬೇಕೆಂದು ತಿಳಿಯಲಿಲ್ಲ. ನಿಮ್ಮನ್ನು ಯಾರೂ ತಡೆದಿರಲಿಲ್ಲ. ಬಾಗಿಲು ತೆರೆದೇ ಇತ್ತು. ಬರಬೇಕೆಂದಿದ್ದವರು ಬಂದರು, ಆಸ್ಟ್ರಿಯಾದ ಗತ್ತಿನಲ್ಲಿ ಬರದೆ ಇದ್ದವರು ಬರಲಿಲ್ಲ. ಇಷ್ಟೇ ವಿಷಯ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಚಿಕ್ಕಪ್ಪನಿಗೆ ನಿಂತರೆ ಕಾಲು ನಡುಗುತ್ತದೆ. ಈ ಡಿಸೆಂಬರಿನದೇ ಕೊನೆಯ ಹಬ್ಬ ಎಂದು ಹೇಳಿಬಿಟ್ಟಿದ್ದಾನೆ. ಮನೆಸಂತ ಅಪ್ಪನಿಂದ ಮಗನಿಗೆ ಹೋಗಬೇಕು, ಇಲ್ಲಿ ಗಂಡು ಸಂತಾನವಿಲ್ಲ, ಮುಂದೆ ಬತ್ತಿ ಹಚ್ಚುವವರಿಲ್ಲ. ಹಬ್ಬ ಮುಗಿದ ಮೇಲೆ ಸಂತನ ಪಟವನ್ನು ಚರ್ಚಿಗೆ ಕೊಟ್ಟುಬಿಡುತ್ತಾನಂತೆ. ವಿಲೋತಿಚ್ ಮನೆಯ ದೀಪ ಅಲ್ಲಿಗೆ ಆರಿತು. ನನಗೆ ಅದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ನಿನಗೆ ತಿಳಿದಿರಲಿ ಎಂದು ಬರೆದೆ.

ನಿನ್ನ ಬಗ್ಗೆ ಅವನೇನೂ ಹೇಳಲಿಲ್ಲ.

ರೋಸಾಂದಾ


ಲಿಂಜ್, 1 ನವೆಂಬರ್ 2012

ಅಕ್ಕಾ,

ಗತ್ತು ಎಂದು ಬರೆದೆ ನೀನು. ಅಪ್ಪ ಮೂವತ್ತೆಂಟು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ಬೆಂದರು. ಇರಲಿ. ದೊಡ್ಡಪ್ಪನ ಸುದ್ದಿ ಓದಿ ಅತ್ತೆ, ಅದೊಂದಕ್ಕೆ ನಿನಗೆ ವಂದನೆ.

ಈಗ ಒಂದು ಪ್ರಶ್ನೆ. ನಿನ್ನನ್ನು ಬಿಟ್ಟು ಇನ್ಯಾರಿಗೂ ಇದು ಗೊತ್ತಿರಲಾರದು. ಅಕ್ಟೋಬರ್ 31, ಸಂತ ಲೂಕನ ದಿನ, ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದು, ಜಾಡಿಯ ಮುಚ್ಚಳದ ಮೇಲೆ ಒಂದು ಚಿಕ್ಕ ಮೇಣದಬತ್ತಿ ಹಚ್ಚಿ ಅಡುಗೆಮನೆಯ ಹಿಂದಿನ ಕಿಟಕಿಯಲ್ಲಿ ಇಡುತ್ತಿದ್ದರು. ಪಕ್ಕದಲ್ಲಿ ಒಂದು ಚಮಚೆ ಸಿಹಿ ಗೋಧಿ. ಯಾರನ್ನೂ ಮನೆಗೆ ಸೇರಿಸುತ್ತಿರಲಿಲ್ಲ, ಪ್ರಾರ್ಥನೆಯೂ ಇಲ್ಲ. ಯಾರಿಗಪ್ಪಾ ಇದು ಎಂದು ಕೇಳಿದರೆ "ಮನೇಲಿ ಮಾಡ್ತಿದ್ರು, ಮಾಡ್ತೀನಿ" ಎನ್ನುತ್ತಿದ್ದರು. ನಿನ್ನೆ ನಾನೇ ಹಚ್ಚಿದೆ. ಯಾಕೆಂದು ಗೊತ್ತಿಲ್ಲದೆ ಹಚ್ಚಿದೆ.

ಇದು ಏನು? ಬ್ಲಾಗಿನಲ್ಲಿ ಬರೆಯಬೇಕೆಂದಿದ್ದೇನೆ. ಮೊದಲು ನಿನ್ನನ್ನು ಕೇಳಿದ್ದೇನೆ, ಮೂಲ ಹೇಳದೆ ಬರೆಯುವ ತಪ್ಪು ಮತ್ತೆ ಮಾಡುವುದಿಲ್ಲ.

ವಿದಾ


ಚಾಚಕ್, 2 ನವೆಂಬರ್ 2012
(ಕಳುಹಿಸಲಿಲ್ಲ)

ವಿದಾ,

ನಿನ್ನ ಪತ್ರ ಓದಿದಾಗ ಎಲೆಕೋಸು ಉಪ್ಪಿಗೆ ಹಾಕುತ್ತಿದ್ದೆ. ಹಾಗೇ ಕೂತುಬಿಟ್ಟೆ.

ಅಜ್ಜಿಯೂ ಹಚ್ಚುತ್ತಿದ್ದರು. ಅದೇ ದಿನ, ಹಿತ್ತಿಲ ಕಡೆಯ ಕಿಟಕಿಯಲ್ಲಿ, ಬಾಗಿಲಿಗೆ ಅಗುಳಿ ಹಾಕಿ. ನಾನು ಅವರ ಪಕ್ಕದಲ್ಲೇ ನಿಂತು ನೋಡಿದ್ದೇನೆ, ಗೋಧಿಯನ್ನೂ ತಿಂದಿದ್ದೇನೆ. ಐದು ವರ್ಷ ಬ್ಲಾಗ್ ಬರೆದ ನನಗೆ ಅದೊಂದು ವಿಷಯವೆಂದೇ ಹೊಳೆಯಲಿಲ್ಲ. ಅಡುಗೆಮನೆಯ ಭಾಷೆಯ ನಿನಗೆ ಹೊಳೆಯಿತು. ಇದಕ್ಕೆ ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಅಕ್ಷರ ಮಂಜಾಗುತ್ತಿದೆ.

ಅದೇನೆಂದು ನನಗೆ ಗೊತ್ತು. ಈ ಸೀಮೆಯಲ್ಲಿ ವಂಶಾವಳಿ ಹುಡುಕುವ ಯಾರಿಗಾದರೂ ಗೊತ್ತು. ಗಂಡು ಮಕ್ಕಳಿಲ್ಲದ ಮನೆಗೆ ಮನೆ ಅಳಿಯನಾಗಿ ಬರುವವನು ಆ ಮನೆಯ ಹೆಸರನ್ನೂ ಆ ಮನೆಯ ಸಂತನನ್ನೂ ತನ್ನದಾಗಿ ಮಾಡಿಕೊಳ್ಳಬೇಕು. ಆದರೆ ತನ್ನ ಅಪ್ಪನ ಸಂತನನ್ನು ಪೂರ್ತಿ ಬಿಡಲಾಗುವುದಿಲ್ಲ. ಅವನ ದಿನ ಒಂದು ಚಿಕ್ಕ ಬತ್ತಿ ಹಚ್ಚುತ್ತಾನೆ. ನೆಂಟರಿಲ್ಲ, ಪಾದ್ರಿ ಇಲ್ಲ, ಸದ್ದಿಲ್ಲ. ಅವನು ಸತ್ತ ಮೇಲೂ ಸೊಸೆಯರು ಯಾಕೆಂದು ಕೇಳದೆ ಹಚ್ಚುತ್ತಾ ಬರುತ್ತಾರೆ.

ನಮ್ಮ ಅಜ್ಜನ ಅಜ್ಜ ಆರ್ಸೆನಿಯೆ. ಅವನ ಹುಟ್ಟಿನ ದಾಖಲೆ ನಮ್ಮ ಚರ್ಚಿನಲ್ಲಿ ಸಿಗಲಿಲ್ಲ. 'ದಾಖಲೆ ಸುಟ್ಟುಹೋಗಿದೆ' ಎಂದು ನಾನೇ ಬರೆದುಬಿಟ್ಟೆ. ಸುಟ್ಟಿರಲಿಲ್ಲ. ಅವನು ನಮ್ಮ ಊರಿನವನೇ ಅಲ್ಲ. ವಿಲೋತಿಚ್ ಮನೆಯ ಮಗ ಅವನಲ್ಲ, ಮಗಳು ಅವನ ಹೆಂಡತಿ ನೆರಾಂಜಾ. ಅವಳನ್ನು ನನ್ನ ವೃಕ್ಷದಲ್ಲಿ 'ಪತ್ನಿ' ಎಂದಷ್ಟೇ ಬರೆದು ಮೂಲೆಗೆ ಹಾಕಿದ್ದೆ. ಸಂತ ಅಲಿಂಪಿಯೆಯ ಬತ್ತಿ ಈ ಮನೆಯಲ್ಲಿ ಒಂದು ಸಲ ಹೆಣ್ಣಿನ ಕೈದಾಟಿ ಬಂದಿದೆ.

ಇದನ್ನು ಚಿಕ್ಕಪ್ಪನಿಗೆ ಹೇಳಿದರೆ ಏನಾಗುತ್ತದೆಂದೂ ಗೊತ್ತು. ಸೆಪ್ಟೆಂಬರಿನಲ್ಲಿ ನಿನ್ನ ಬಗ್ಗೆ ಅವನೇನೂ ಹೇಳಲಿಲ್ಲ ಎಂದು ಬರೆದಿದ್ದೆ. ಸುಳ್ಳು. "ಪಟ ನನಗೆ ಕೊಡು ಚಿಕ್ಕಪ್ಪ" ಎಂದು ನಾನು ಬಾಯಿಬಿಟ್ಟು ಕೇಳಿದ್ದೆ. ಅವನು, "ನೀನು ರಾದೋವಾನನ ಮನೆಯವಳು ಕಣಮ್ಮಾ. ಅವರ ಸಂತ ಜಾನ್‌ ನಿನ್ನ ಸಂತ, ನಲವತ್ತು ವರ್ಷದಿಂದ ಅವನ ಬತ್ತಿ ಹಚ್ತಿದ್ದೀಯ. ವಿದಾ ಆದ್ರೂ ನಮ್ಮ ಹೆಸರು ಇಟ್ಕೊಂಡಿದ್ದಾಳೆ. ಅವಳೊಬ್ಬ ಗಂಡು ಹುಡುಗ ಆಗಿದ್ದಿದ್ರೆ ಇವತ್ತೇ ಕೊಟ್ಬಿಡ್ತಿದ್ದೆ" ಎಂದ. ಕಿಟಕಿ ಒರೆಸಿದವಳು ನಾನು. ಅವನಿಗೆ ನ್ಯುಮೋನಿಯಾ ಆದಾಗ ಮೂರು ವಾರ ಹಾಸಿಗೆ ಪಕ್ಕ ಕೂತವಳು ನಾನು. ಅಜ್ಜಿಯ ಹೆಸರು ನಿನಗೆ, ಓದುಗರು ನಿನಗೆ, ಮನೆಯ ಹೆಸರು ನಿನಗೆ. ಈಗ ನನ್ನ ಕೈಯಾರೆ ಪಟವನ್ನೂ ನಿನಗೆ ಕೊಡಿಸಬೇಕೇ? ಅದಕ್ಕಿಂತ ಚರ್ಚಿಗೇ ಹೋಗಲಿ.


ಚಾಚಕ್, 2 ನವೆಂಬರ್ 2012

ವಿದಾ,

ಅಜ್ಜಿಯ ಆತ್ಮಕ್ಕೆಂದು ಹಚ್ಚುತ್ತಿದ್ದಿರಬೇಕು. ವಿಶೇಷವೇನಿಲ್ಲ. ಸಾಕ್ಷಿ ಇಲ್ಲದೆ ಅದರ ಬಗ್ಗೆ ಬರೆಯಬೇಡ.

ರೋಸಾಂದಾ


ಲಿಂಜ್, 25 ನವೆಂಬರ್ 2012

ರೋಸಾ ಅಕ್ಕಾ,

ಸರಿ, ಬರೆಯಲಿಲ್ಲ.

ನೀನು ಬಿಗಿಯಾಗಿಯೇ ಇದ್ದೀಯ, ಆದರೂ ಕೇಳುತ್ತೇನೆ. ಕ್ಲಿನಿಕ್ಕಿನಲ್ಲಿ ನಾಲ್ಕು ದಿನ ರಜೆ ಸಿಕ್ಕಿದೆ. ಶುಕ್ರವಾರ ಸಂಜೆ ಹೊರಡುವ ಬಸ್ಸಿನಲ್ಲಿ ಒಂದು ಸೀಟು ಹಿಡಿದಿಟ್ಟಿದ್ದೇನೆ. ಕೊನೆಯ ಹಬ್ಬವನ್ನಾದರೂ ಕಣ್ಣಾರೆ ನೋಡಬೇಕು. ಆದರೆ ಕರೆಯದೆ ಹೇಗೆ ಬರಲಿ? ಇಲ್ಲಿ ಪಕ್ಕದ ಮನೆಗೆ ಕಾಫಿಗೆ ಹೋಗಬೇಕಾದರೂ ಅವರು ದಿನ, ಗಂಟೆ ಹೇಳಿ ಕರೆಯುತ್ತಾರೆ. ದೊಡ್ಡಪ್ಪನಿಗೆ ಫೋನ್ ಮಾಡಿ ಮಾತೆಲ್ಲ ಆಡಿದೆ, ಹಬ್ಬದ ವಿಷಯವನ್ನು ಅವರು ಎತ್ತಲೇ ಇಲ್ಲ. ಲಜ್ಜೆ ಬಿಟ್ಟು ನಿನ್ನನ್ನು ಕೇಳುತ್ತಿದ್ದೇನೆ ಅಕ್ಕಾ, ಒಂದು ಮಾತು ಕರೆ. 'ಬಾ' ಎಂದು ಬರೆದರೆ ಸಾಕು, ಬೇರೇನೂ ಬೇಡ.

ನಿನ್ನ ವಿದಾ


ಚಾಚಕ್, 11 ಡಿಸೆಂಬರ್ 2012

ವಿದಾ,

ನಿನ್ನ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಓದಿದ ದಿನವೇ ಎಲ್ಲ ಅರ್ಥವಾಗಿತ್ತು. ಅರ್ಥವಾಗಿಯೂ ಸುಮ್ಮನಿದ್ದೆ.

ಮನೆಸಂತನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ ವಿದಾ. ಯಾರನ್ನೂ, ಯಾವತ್ತೂ. ಕರೆದರೆ ಆ ಮನೆಯ ಮಾನ ಹೋಯಿತು. ನಮ್ಮವರೆಂದುಕೊಂಡವರು ತಾವೇ ಬರುತ್ತಾರೆ, ಬಂದವರನ್ನು ಕೂರಿಸಿ ಯಜಮಾನ ನಿಂತು ಬಡಿಸುತ್ತಾನೆ. ನನ್ನನ್ನು ಯಾರೂ ಕರೆದಿಲ್ಲ, ಪಾದ್ರಿಯನ್ನೂ ಕರೆದಿಲ್ಲ. ಇದನ್ನು ನಿನ್ನ ಅಪ್ಪ ನಿನಗೆ ಹೇಳಿರಲಿಲ್ಲ ಎಂದು ನನ್ನ ತಲೆಗೆ ಹೋಗಿರಲಿಲ್ಲ. ನೀವು ಗತ್ತಿನವರೆಂದು ನಾವು, ನಾವು ಕಲ್ಲೆದೆಯವರೆಂದು ನೀವು. ಖಾಲಿ ಕುರ್ಚಿ ಚಿಕ್ಕಪ್ಪ ಪ್ರತಿ ವರ್ಷ ಮಿಲೋಯೆಗೆಂದು ಹಾಕಿಸುತ್ತಿದ್ದದ್ದು.

ಈ ಸಲವೂ ಹಾಕಿಸಿದ. ಕಟ್ಟಿಗೆ ಒಲೆಯ ಮೇಲೆ ಬೀನ್ಸ್, ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ, ಮೀನು. ಚಿಕ್ಕಪ್ಪ ಬೆಳಿಗ್ಗೆಯಿಂದ ಕೋಲೂರಿಕೊಂಡು ನಿಂತೇ ಇದ್ದ. ಎರಡು ಸಲ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದ.

"ವಿದಾ ಬರಲ್ವೇನೆ?" ಎಂದು ನನ್ನನ್ನು ಕೇಳಿದ.

"ನಂಗೇನ್ ಗೊತ್ತು" ಎಂದೆ.

ಪಾದ್ರಿ ಮತ್ತು ಅವನು ಸೇರಿ ರೊಟ್ಟಿ ತಿರುಗಿಸಿ ಮುರಿದರು. ಊಟವಾಯಿತು. ಪಾದ್ರಿ ಹೊರಡಲು ಎದ್ದಾಗ ಚಿಕ್ಕಪ್ಪ ಗೋಡೆಯಿಂದ ಸಂತನ ಪಟ ಇಳಿಸಿ, ಅಜ್ಜಿ ನೇಯ್ದ ಟವೆಲಿನಲ್ಲಿ ಸುತ್ತಿದ. ಸುತ್ತಲು ಬರುತ್ತಿರಲಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಸುತ್ತಿದ. ಮೊಳೆಯ ಕೆಳಗೆ ಗೋಡೆಯ ಮೇಲೆ ಪಟದಷ್ಟೇ ಬಿಳಿ ಚೌಕ ಉಳಿದಿತ್ತು. ಅದನ್ನು ನೋಡಿದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ.

"ಸ್ವಲ್ಪ ತಡೀರಿ ಪಾದ್ರಿಗಳೇ" ಎಂದೆ. "ಚಿಕ್ಕಪ್ಪ, ಲೂಕನ ದಿನ ನಿಮ್ಮಮ್ಮ ಹಿತ್ತಿಲ ಕಿಟಕೀಲಿ ಚಿಕ್ಕ ಬತ್ತಿ ಹಚ್ತಿದ್ರಲ್ಲ, ಅದು ಯಾರದ್ದು?"

ಲೆಪಾ ತಟ್ಟೆ ತೆಗೆಯುವುದನ್ನು ನಿಲ್ಲಿಸಿದಳು. ಚಿಕ್ಕಪ್ಪ ಪಟವನ್ನು ಎದೆಗೆ ಒತ್ತಿಕೊಂಡು ನಿಂತ.

"ಅದ್ನ ನಿಂಗ್ಯಾರು ಹೇಳಿದ್ದು?"

ನಾನೇ ಕಂಡುಹಿಡಿದೆ ಎಂದು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ವಿದಾ" ಎಂದೆ. "ಆರ್ಸೆನಿಯೆ ಮನೆ ಅಳಿಯ ಅಲ್ವಾ? ಈ ಮನೆ ಮಗಳು ನೆರಾಂಜಾ. ಒಂದ್ಸಲ ಮಗಳ ಕೈಗೆ ಹೋದ ಬತ್ತಿ ಇನ್ನೊಂದ್ಸಲ ಯಾಕೆ ಹೋಗಬಾರದು?"

ಅವನು ಪಟಕ್ಕೆ ಸುತ್ತಿದ್ದ ಟವೆಲನ್ನು ಬಿಚ್ಚಿದ. ಆಮೇಲೆ, "ನಮ್ಮಪ್ಪ ಸಾಯೋ ಮುಂಚೆ ನನಗೊಬ್ಬನಿಗೇ ಹೇಳಿದ್ರು. ಹೆಂಡ್ತಿ ಮನೇಲಿ ಬಿದ್ದಿದ್ದವನ ಮೊಮ್ಮಕ್ಕಳು ಅಂತ ಊರು ನಗುತ್ತೆ, ಬಾಯಿಬಿಡಬೇಡ ಅಂದ್ರು. ನಾನು ಮುಚ್ಚಿಟ್ಟೆ. ಮುಚ್ಚಿಟ್ಟು ಮುಚ್ಚಿಟ್ಟು ಮನೆ ದೀಪನೇ ಆರಿಸೋಕೆ ಹೊರಟಿದ್ದೆ ನೋಡು" ಎಂದ. ಪಾದ್ರಿಯ ಕಡೆ ತಿರುಗಿ, "ತಪ್ಪು ತಿಳೀಬೇಡಿ, ಇದನ್ನ ನಿಮಗೆ ಕೊಡಲ್ಲ. ವಿದಾ ಬಂದು ತಗೊಂಡು ಹೋಗ್ಲಿ" ಎಂದ. ಅರವತ್ತು ವರ್ಷದಿಂದ ಹಬ್ಬದ ದಿನ ನಿಂತೇ ಇದ್ದವನು ಮಿಲೋಯೆಯ ಖಾಲಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. "ಬೀನ್ಸ್ ಹಾಕೇ ರೋಸಾ, ಹಸಿವಾಗಿದೆ" ಎಂದ.

ಬಡಿಸಿದೆ. ನನಗೆ ಏನನ್ನಿಸಿತು ಎಂದು ಸುಳ್ಳು ಹೇಳುವುದಿಲ್ಲ. ಆ ಪಟದ ಮೇಲೆ ನನಗೆ ಈಗಲೂ ಆಸೆ. ನಿನ್ನನ್ನು ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನವೆಂಬರ್ ಎರಡರಂದು ಬರೆದು ಕಳುಹಿಸದೆ ಇಟ್ಟದ್ದನ್ನು ಇದರ ಜೊತೆ ಕಳುಹಿಸುತ್ತಿದ್ದೇನೆ. ನನ್ನ ಬ್ಲಾಗಿನಲ್ಲಿ ವೃಕ್ಷವನ್ನು ತಿದ್ದಿ, ನೆರಾಂಜಾಳನ್ನು ಅವಳ ಜಾಗದಲ್ಲಿ ಕೂರಿಸಿದ್ದೇನೆ. ಕೊನೆಯಲ್ಲಿ 'ಮೂಲ: ವಿದಾ ವಿಲೋತಿಚ್, ಲಿಂಜ್' ಎಂದು ಹಾಕಿದ್ದೇನೆ. ಈವರೆಗೆ ಅರವತ್ತು ಕಾಮೆಂಟು ಬಂದಿವೆ. ಅರ್ಧ ಜನ ನಿನ್ನನ್ನು ಹೊಗಳಿದ್ದಾರೆ.

ರೋಸಾಂದಾ


ಲಿಂಜ್, 16 ಡಿಸೆಂಬರ್ 2012

ರೋಸಾಂದಾ,

ಎರಡನ್ನೂ ಓದಿದೆ.

ಗುರುವಾರದವರೆಗೂ ಕಾದು ಸೀಟು ರದ್ದು ಮಾಡಿದೆ. ಭಾನುವಾರ ಒಳ್ಳೆಯ ಉಡುಪು ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದೆ. ಯಾಕೆ ಹಾಕಿಕೊಂಡೆನೋ. ನೀನು 'ಬಾ' ಎಂದು ಬರೆಯುವುದೂ ಬೇಡವಾಗಿತ್ತು, 'ಕರೆಯುವ ಪದ್ಧತಿ ಇಲ್ಲ' ಎಂದು ಹೇಳಿದ್ದರೂ ಓಡಿ ಬರುತ್ತಿದ್ದೆ.

ಪಟ ನನಗೆ ಬಂತೆಂದು ನಿನಗೆ ಹೊಟ್ಟೆ ಉರಿ. ನನಗೂ ಉರಿಯುತ್ತಿದೆ, ಕೇಳು. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತಾಗ ಅವರಿಗೆ ಬಡಿಸಿದವಳು ನೀನು. ಆ ಕುರ್ಚಿ ನನ್ನ ಅಪ್ಪನದು.

ವಿದಾ


ಚಾಚಕ್, 1 ನವೆಂಬರ್ 2013

ವಿದಾ,

ಒಂದು ವರ್ಷದ ಹತ್ತಿರ ಬಂತು. ಜುಲೈನಲ್ಲಿ ನೀನು ಯಾಸೆನಾಕ್ಕೆ ಬಂದು ಪಟ ತೆಗೆದುಕೊಂಡು ಹೋದೆಯೆಂದು ಲೆಪಾ ಹೇಳಿದಳು. ನಾನಿರುವ ಊರಿನ ಬಸ್ ನಿಲ್ದಾಣದಲ್ಲೇ ಬಸ್ಸು ಬದಲಿಸಿದೆಯಂತೆ. ನನಗೆ ಹೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ, ಆದರೂ ಆ ದಿನ ಊಟ ಸೇರಲಿಲ್ಲ.

ನೀನು ಬಿಟ್ಟುಹೋದ ಪೊಟ್ಟಣವನ್ನು ಲೆಪಾ ತಂದುಕೊಟ್ಟಳು. ಜಾಡಿಯ ಮುಚ್ಚಳ, ಮೇಣದ ಕಲೆಯಿರುವುದು. ಜೊತೆಗೆ ಚೀಟಿಯೂ ಇರಲಿಲ್ಲ. ಅರ್ಥವಾಯಿತು. ನಿನ್ನೆ ಲೂಕನ ದಿನ ಅದರ ಮೇಲೆ ಚಿಕ್ಕ ಬತ್ತಿ ಹಚ್ಚಿ ಹಿಂದಿನ ಕಿಟಕಿಯಲ್ಲಿಟ್ಟೆ. ರಾದೋವಾನ್ ಬಂದು, "ನಮ್ಮನೆ ಸಂತ ಸಾಲದಾ ನಿಂಗೆ, ಇನ್ನೊಬ್ಬನ್ನ ಬೇರೆ ಇಟ್ಕೊಂಡಿದ್ದೀಯ?" ಎಂದು ಹಂಗಿಸಿದ. ಬಾಗಿಲು ಹಾಕ್ಕೊಂಡು ಹೋಗು ಎಂದೆ. ರಕ್ತದ ಲೆಕ್ಕ ಹಿಡಿದರೆ ನಮ್ಮಿಬ್ಬರ ಸಂತ ಈ ಲೂಕನೇ, ಆರ್ಸೆನಿಯೆ ಹೊತ್ತು ತಂದವನು. ಆದರೆ ಈ ಬತ್ತಿಗೆ ಅತಿಥಿಗಳಿಲ್ಲ. ನಾನೊಬ್ಬಳೇ ಗೋಧಿ ತಿಂದೆ. ನಿನ್ನ ಬತ್ತಿಗೆ ಜನ ಬರುತ್ತಾರೆ ಎಂದುಕೊಂಡು ಚಮಚೆ ಕಚ್ಚಿದೆ.

ಚಿಕ್ಕಪ್ಪ ಗಟ್ಟಿಯಾಗಿದ್ದಾನೆ. "ಈ ಸಲ ನಾನೂ ನೆಂಟ. ಎಲ್ಲಾದ್ರೂ ಹೋಗಿ ಕೂತ್ಕೊಂಡು ತಿನ್ಬೇಕು" ಎನ್ನುತ್ತಾನೆ. ಎಲ್ಲಿ ಎಂದು ಕೇಳಿದರೆ, "ಕೇಳೋ ಪದ್ಧತಿ ಉಂಟೇನೆ?" ಎನ್ನುತ್ತಾನೆ. ಹೊಸ ಷೂ ಕೊಡಿಸು ಎಂದು ಗಂಟುಬಿದ್ದಿದ್ದಾನೆ.

ಡಿಸೆಂಬರ್ ಒಂಬತ್ತು ಈ ವರ್ಷ ಸೋಮವಾರ. ನನಗೆ ಅಂದು ಇಲ್ಲಿ ಕೆಲಸವೇನೂ ಇಲ್ಲ.

ರೋಸಾಂದಾ


ಲಿಂಜ್, 1 ಡಿಸೆಂಬರ್ 2013

ರೋಸಾ ಅಕ್ಕಾ,

ಇಲ್ಲಿಯ ಸುದ್ದಿ ಇಷ್ಟು. ಪಟವನ್ನು ಪೂರ್ವದ ಗೋಡೆಗೆ ಹಾಕಿದ್ದೇನೆ. ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಂಡೆ. ಸೋಮವಾರಕ್ಕೆ ಕ್ಲಿನಿಕ್ಕಿಗೆ ರಜೆ ಹಾಕಿದ್ದೇನೆ. ಇಲ್ಲಿಯ ಸರ್ಬಿಯನ್ ಚರ್ಚಿನ ಪಾದ್ರಿ ಹನ್ನೊಂದಕ್ಕೆ ಬರುತ್ತಾರಂತೆ, ನಾನು ಕರೆದದ್ದಲ್ಲ. ಬೀನ್ಸಿಗೆ ಅಜ್ಜಿ ಈರುಳ್ಳಿ ಎಷ್ಟು ಹಾಕುತ್ತಿದ್ದರೆಂದು ನನಗೆ ತಿಳಿಯದು. ನನ್ನ ಬ್ಲಾಗಿನಲ್ಲಿ ಬರೆದಿರುವುದು ಊಹೆ, ಅದನ್ನು ತಿದ್ದುವವರು ಒಬ್ಬರು ಬೇಕಾಗಿದ್ದಾರೆ. ಗೋಧಿ ಜಾಸ್ತಿ ನೆನೆಹಾಕುತ್ತೇನೆ.

ಕುರ್ಚಿಗಳು ಆರು. ಐದು ನನ್ನವು, ಒಂದನ್ನು ಕೆಳಗಿನ ಮನೆಯ ಆಸ್ಟ್ರಿಯನ್ ಮುದುಕಿಯಿಂದ ಕೇಳಿ ತಂದೆ. ಎಷ್ಟು ಜನರನ್ನ ಕರ್ದಿದ್ದೀಯ ಎಂದು ಕೇಳಿದಳು. ಒಬ್ಬರನ್ನೂ ಇಲ್ಲ ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ನಿನ್ನ ಮೇಲಿನ ಕೋಪ ಪೂರ್ತಿ ಹೋಗಿಲ್ಲ. ಹೋದಾಗ ಹೇಳುತ್ತೇನೆ. ದೊಡ್ಡಪ್ಪನಿಗೆ ಮೆಟ್ಟಿಲು ಕಷ್ಟ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದನ್ನು ಸುಮ್ಮನೆ ಬರೆದೆ.

ಇನ್ನೊಮ್ಮೆ ಸ್ಪಷ್ಟವಾಗಿ ಹೇಳುತ್ತೇನೆ ಅಕ್ಕಾ, ನಾನು ನಿನ್ನನ್ನು ಕರೆಯುತ್ತಿಲ್ಲ. ಬೀದಿ ಬಾಗಿಲಿನ ಗಂಟೆ ಕೆಟ್ಟಿದೆ. ಅವತ್ತು ಬಾಗಿಲು ಮುಚ್ಚದಂತೆ ಸಂದಿಗೆ ಒಂದು ಕಲ್ಲು ಇಟ್ಟಿರುತ್ತೇನೆ.

ವಿದಾ